ನಿತ್ಯದ ರೂಢಿಯೇ ಸಂಕಲ್ಪದ ಬುನಾದಿ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದ ಉಪನ್ಯಾಸದ ಪಠ್ಯ)



1930ರ ಮಾರ್ಚ್ 12ರಂದು ಮಹಾತ್ಮ ಗಾಂಧಿಯವರು 78 ಮಂದಿ ಸತ್ಯಾಗ್ರಹಿಗಳೊಡನೆ ಸಾಬರಮತಿ ಆಶ್ರಮದಿಂದ ದಂಡಿಯ ಕಡಲತೀರಕ್ಕೆ ಹೊರಟರು. ಸುಮಾರು 385 ಕಿಲೋಮೀಟರ್ ದೂರವನ್ನು 24 ದಿನಗಳಲ್ಲಿ ಕ್ರಮಿಸಿದ ಅವರಿಗೆ ಆಗ ಅರವತ್ತು ವರ್ಷ ತುಂಬಿತ್ತು. ಉಪ್ಪನ್ನು ಎತ್ತಿದ ಏಪ್ರಿಲ್ 6ರ ಆ ಕ್ಷಣವನ್ನು ಎಲ್ಲರೂ ಬಲ್ಲರು. ಆ ಕ್ಷಣವನ್ನು ಸಾಧ್ಯವಾಗಿಸಿದ ದಿನಚರಿಯನ್ನು ಬಲ್ಲವರು ಕಡಿಮೆ.

ಆ ಯಾತ್ರೆಯಲ್ಲಿ ಪ್ರತಿಯೊಬ್ಬರಿಗೂ ಮೂರು ನಿಯಮಗಳಿದ್ದವು: ಪ್ರಾರ್ಥನೆ, ನೂಲುವುದು ಮತ್ತು ದಿನಚರಿ ಬರೆಯುವುದು. ಬಿಸಿಲಿನಲ್ಲಿ ನಡೆದು ದಣಿದವರಿಗೂ ಇವುಗಳಿಂದ ವಿನಾಯಿತಿ ಇರಲಿಲ್ಲ. ಸೋಮವಾರ ಗಾಂಧಿಯವರ ಮೌನದ ದಿನ. ಅಂದು ನಡಿಗೆಗೆ ವಿಶ್ರಾಂತಿ. ದೀರ್ಘ ನಡಿಗೆ ಅವರಿಗೆ ಹೊಸದಾಗಿರಲಿಲ್ಲ. ವರ್ಷಗಟ್ಟಲೆ ನಿತ್ಯವೂ ನಡೆದ ಕಾಲುಗಳೇ ದಂಡಿಯನ್ನು ತಲುಪಿದವು. ಅಂದು ಪ್ರಕಟವಾದ ಸಂಕಲ್ಪ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ.

ಆ ತಂಡದಲ್ಲಿ ಕನ್ನಡ ನಾಡಿನ ಒಬ್ಬ ತರುಣನೂ ಇದ್ದನು. ಇಂದಿನ ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರಿಗೆ ಆಗ ಹದಿನೆಂಟು ವರ್ಷ. ಆಶ್ರಮದ ಶಿಸ್ತಿನಲ್ಲಿ ಪಳಗಿದ ಆ ಹಳ್ಳಿಯ ಯುವಕ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಹುತಾತ್ಮರಾಗುವವರೆಗೂ ಹಿಡಿದ ಹಾದಿಯನ್ನು ಬಿಡಲಿಲ್ಲ.

ಮನೋಬಲವು ಹುಟ್ಟಿನಿಂದ ಬರುವ ಗುಣವೆಂದೂ ತಮಗೆ ಅದು ಇಲ್ಲವೆಂದೂ ಅನೇಕರು ಭಾವಿಸುತ್ತಾರೆ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂಬ ಗಾದೆಯನ್ನೂ ಮುಂದಿಡುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವು ಬೇರೆಯದನ್ನೇ ಹೇಳುತ್ತದೆ. ಹೊಸ ಕೆಲಸವೊಂದು ಯೋಚನೆಯಿಲ್ಲದೆ ನಡೆಯುವ ರೂಢಿಯಾಗಲು ಸರಾಸರಿ 66 ದಿನಗಳು ಬೇಕಾದವು. ಕೆಲವರಿಗೆ 18 ದಿನಗಳು ಸಾಕಾದವು. ಕೆಲವರಿಗೆ 254 ದಿನಗಳವರೆಗೂ ಬೇಕಾಗಬಹುದೆಂದು ಅಂದಾಜಿಸಲಾಯಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚಿನ ಹಾನಿಯಾಗಲಿಲ್ಲ. ಆದುದರಿಂದ ಒಂದು ದಿನ ತಪ್ಪಿತೆಂದು ಕೈಚೆಲ್ಲುವುದು ತರವಲ್ಲ. ಮರುದಿನವೇ ಮುಂದುವರಿಸುವುದು ಉಚಿತ.

ಇದು ಕೇವಲ ವೈಯಕ್ತಿಕ ಉನ್ನತಿಯ ವಿಷಯವೇ? ಅಲ್ಲ. ಗ್ರಾಮದ ಓವರ್‌ಹೆಡ್ ಟ್ಯಾಂಕನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕ್ಲೋರಿನೀಕರಿಸಿದ ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕೆಂಬುದು ಭಾರತೀಯ ಮಾನದಂಡ. ಅದನ್ನು ಪರೀಕ್ಷಿಸಲು ಕೆಲವೇ ನಿಮಿಷಗಳು ಸಾಕು. ಆದರೆ ನೀರುಗಂಟಿಯು ನಿತ್ಯವೂ ಪುಡಿ ಬೆರೆಸದಿದ್ದರೆ, ವಹಿಯನ್ನು ವಾರಕ್ಕೊಮ್ಮೆ ಒಟ್ಟಿಗೆ ತುಂಬಿದರೆ, ಸದಸ್ಯರು ಅದನ್ನು ನೋಡದೆ ಸುಮ್ಮನಿದ್ದರೆ, ಪೈಪು ಒಡೆದು ಚರಂಡಿಯ ನೀರು ಸೇರಿದ ದಿನ ಊರಿಗೆ ರಕ್ಷಣೆ ಇರುವುದಿಲ್ಲ. ವಾಂತಿಭೇದಿ ಹರಡಿದ ಮೇಲೆ ನಡೆಯುವ ತುರ್ತು ಸಭೆಯು, ಹಿಂದಿನ ದಿನಗಳಲ್ಲಿ ತಪ್ಪಿದ ಐದು ನಿಮಿಷಗಳನ್ನು ಮರಳಿ ತರಲಾರದು. ಮೊದಲು ನರಳುವವರು ಮಕ್ಕಳು ಮತ್ತು ವೃದ್ಧರು.

ರೂಢಿಯನ್ನು ಬೆಳೆಸಲು ಮೂರು ಸರಳ ಕ್ರಮಗಳಿವೆ.

ಮೊದಲನೆಯದು, ಕೆಲಸವು ಚಿಕ್ಕದಾಗಿರಲಿ. "ಇನ್ನು ಮುಂದೆ ಎಲ್ಲ ಕಡತಗಳನ್ನೂ ಓದುವೆನು" ಎಂಬ ಪ್ರತಿಜ್ಞೆ ಆರಂಭಶೂರತ್ವವಾಗುತ್ತದೆ. ದಿನಕ್ಕೆ ಒಂದು ಪುಟ ಓದುವುದು ಉಳಿಯುತ್ತದೆ.

ಎರಡನೆಯದು, ಹೊಸ ಕೆಲಸವನ್ನು ಈಗಾಗಲೇ ಇರುವ ರೂಢಿಗೆ ಜೋಡಿಸಬೇಕು. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಅವರು ತೋರಿಸಿಕೊಟ್ಟಂತೆ, ಯಾವಾಗ, ಎಲ್ಲಿ, ಹೇಗೆ ಎಂಬುದನ್ನು ಮೊದಲೇ ಗೊತ್ತುಪಡಿಸಿಕೊಂಡ ಸಂಕಲ್ಪವು ಹೆಚ್ಚು ಸಲ ಈಡೇರುತ್ತದೆ. "ಬೆಳಗಿನ ಚಹಾ ಮುಗಿದೊಡನೆ ವಾರ್ಡಿನ ಒಂದು ಬೀದಿಯಲ್ಲಿ ನಡೆದು ನಲ್ಲಿ, ಚರಂಡಿ, ದೀಪಗಳನ್ನು ನೋಡುವುದು" ಎಂಬುದು ಅಂತಹ ಸಂಕಲ್ಪ.

ಮೂರನೆಯದು, ಬರೆದಿಡಬೇಕು. ದಂಡಿಯ ಯಾತ್ರಿಕರ ದಿನಚರಿಯ ಉದ್ದೇಶವೂ ಇದೇ. ಮನಸ್ಸು ನೆಪ ಹೇಳಬಲ್ಲದು. ಖಾಲಿ ಉಳಿದ ಪುಟವು ನೆಪವನ್ನು ಒಪ್ಪದು.

ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ಮೊದಲ ಬಾರಿ ಆಯ್ಕೆಯಾದ ಸದಸ್ಯೆಗೆ ಸಭೆಯ ನಡವಳಿ ಪುಸ್ತಕ ಅಪರಿಚಿತವೆನಿಸುವುದು ಸಹಜ. ಮನೆಯವರು "ಸಹಿ ಹಾಕು ಸಾಕು" ಎನ್ನುವುದೂ ಉಂಟು. ಓದದೆ ಸಹಿ ಮಾಡುವುದೂ ಒಂದು ರೂಢಿಯೇ. ಅದು ದಿನೇದಿನೇ ಗಟ್ಟಿಯಾಗಿ ಕೊನೆಗೆ ಸದಸ್ಯತ್ವವನ್ನೇ ಬೇರೊಬ್ಬರ ಕೈಗೆ ಒಪ್ಪಿಸುತ್ತದೆ. ದಿನಕ್ಕೊಂದು ಪುಟ ಓದಿ, ಅರ್ಥವಾಗದ ಒಂದು ಪದವನ್ನು ಕೇಳಿ ತಿಳಿಯುವ ಸದಸ್ಯೆಯು ಕೆಲವು ತಿಂಗಳುಗಳಲ್ಲಿ ಬಿಲ್ಲಿನ ಮೊತ್ತವನ್ನು ಪ್ರಶ್ನಿಸಬಲ್ಲವಳಾಗುತ್ತಾಳೆ.

1993ರ ಪಂಚಾಯತ್ ರಾಜ್ ಅಧಿನಿಯಮದ ಹೆಸರಿನಲ್ಲಿ ಇಂದು "ಗ್ರಾಮ ಸ್ವರಾಜ್" ಎಂಬ ಮಾತು ಸೇರಿದೆ. ಸ್ವರಾಜ್ಯವೆಂದರೆ ತನ್ನನ್ನು ತಾನು ಆಳಿಕೊಳ್ಳುವುದು. ಅಧಿಕಾರವನ್ನು ಕಾನೂನು ನೀಡಬಲ್ಲದು. ಗೊತ್ತಾದ ಸಮಯಕ್ಕೆ ಸಭೆಗೆ ಬರುವುದನ್ನು, ಓದಿ ಸಹಿ ಮಾಡುವುದನ್ನು, ಕೊಟ್ಟ ಮಾತನ್ನು ಬರೆದಿಟ್ಟು ನಡೆಸುವುದನ್ನು ಸದಸ್ಯರೇ ರೂಢಿಸಿಕೊಳ್ಳಬೇಕು.

ಆದುದರಿಂದ ಪ್ರತಿಯೊಬ್ಬ ಸದಸ್ಯರೂ ಇಂದು ಊರಿಗೆ ಮರಳಿದ ಮೇಲೆ ಒಂದೇ ಒಂದು ಚಿಕ್ಕ ಕೆಲಸವನ್ನು ಆರಿಸಿಕೊಂಡು, ಅದರ ಸಮಯವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ನಾಳೆ ಬೆಳಿಗ್ಗೆಯೇ ಆರಂಭಿಸುವುದು ಅಪೇಕ್ಷಣೀಯ.