ಯಾವ ಬಾಗಿಲು ಮುಚ್ಚುತ್ತೆ ಅಂತ ಕೇಳಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮಾರನೇ ದಿನದಿಂದ ಪ್ರತಿ ಮನೆಯಲ್ಲೂ ಒಂದೇ ಮಾತು. ಮಗ ಏನಾಗ್ತಾನೆ? ಮಗಳು ಏನಾಗ್ತಾಳೆ? ಡಾಕ್ಟರಾ, ಇಂಜಿನಿಯರಾ? ಹದಿನಾರು ತುಂಬದ ಮಕ್ಕಳು ಇದಕ್ಕೆ ಏನಂತ ಉತ್ತರ ಕೊಡಬೇಕು ಹೇಳಿ? ಅವರಿಗೆ ಗೊತ್ತಿರೋದಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ.

ನಾನು ಕೇಳಿ ಅನ್ನೋ ಪ್ರಶ್ನೆ ಬೇರೆ. ಪಿಯುಸಿಯಲ್ಲಿ ಈ ವಿಷಯ ಬಿಟ್ರೆ, ಎರಡು ವರ್ಷದ ಮೇಲೆ ಯಾವ ಬಾಗಿಲು ಮುಚ್ಚುತ್ತೆ?

ಗಣಿತವನ್ನೇ ತಗೊಳ್ಳಿ. ಪಿಯುಸಿಯಲ್ಲಿ ಗಣಿತ ಓದಿದವರು ಆಮೇಲೆ ಬಿಎಗೂ ಹೋಗಬಹುದು, ಬಿಕಾಂಗೂ ಹೋಗಬಹುದು. ಗಣಿತ ಬಿಟ್ಟವರು ಇಂಜಿನಿಯರಿಂಗ್ ಕಡೆ ತಿರುಗೋದಕ್ಕೆ ಆಗಲ್ಲ. ಅಷ್ಟೇ ಅಲ್ಲ, ದೆಹಲಿ ವಿಶ್ವವಿದ್ಯಾಲಯದಲ್ಲಿ ಬಿಎ ಎಕನಾಮಿಕ್ಸ್ ಆನರ್ಸ್ ಓದಬೇಕು ಅಂದ್ರೂ ಹನ್ನೆರಡನೇ ತರಗತಿಯಲ್ಲಿ ಗಣಿತ ಇರಬೇಕು. ಬಿಎಗೆ ಗಣಿತ ಯಾಕೆ ಅಂತ ನಮ್ಮಲ್ಲಿ ಎಷ್ಟು ಜನ ಮೊದಲೇ ಯೋಚನೆ ಮಾಡಿರ್ತೀವಿ? ಕಾಮರ್ಸ್‌ನಲ್ಲಿ ಬೇಸಿಕ್ ಮ್ಯಾಥ್ಸ್ ತಗೊಳ್ಳೋರು, ಮುಂದೆ ಸೇರಬೇಕಾದ ಕಡೆ ಅದನ್ನ ಗಣಿತ ಅಂತ ಒಪ್ತಾರಾ ಅಂತ ಈಗಲೇ ಕೇಳ್ಕೊಳ್ಳಿ.

ಎನ್‌ಡಿಎ ಕನಸು ಕಾಣೋ ಮಕ್ಕಳಿದ್ದಾರೆ. ಭೂಸೇನೆ ವಿಭಾಗಕ್ಕೆ ಪಿಯುಸಿಯಲ್ಲಿ ಯಾವ ವಿಷಯ ಓದಿದ್ರೂ ನಡೆಯುತ್ತೆ. ವಾಯುಸೇನೆ, ನೌಕಾಸೇನೆಗೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಬೇಕೇ ಬೇಕು. ಜೊತೆಗೆ ಯಾರೇ ಬರೆದರೂ ಲಿಖಿತ ಪರೀಕ್ಷೆಯ 900 ಅಂಕಗಳಲ್ಲಿ 300 ಗಣಿತದ್ದೇ.

ಇನ್ನು ಒಂದು ತಪ್ಪು ತಿಳುವಳಿಕೆ. ಕಂಪ್ಯೂಟರ್ ಇಂಜಿನಿಯರ್ ಆಗಬೇಕಾದ್ರೆ ಪಿಸಿಎಂಸಿಯೇ ತಗೋಬೇಕು ಅಂತ. ಇಲ್ಲ ಸ್ವಾಮಿ. ಪಿಸಿಎಂಬಿ ಓದಿದವರೂ ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್ ಸೇರಬಹುದು. ಆದರೆ ಪಿಸಿಎಂಸಿ ಓದಿ, ಸೆಕೆಂಡ್ ಪಿಯು ಮುಗಿಯೋ ಹೊತ್ತಿಗೆ ಡಾಕ್ಟರ್ ಆಗಬೇಕು ಅನ್ನಿಸಿದ್ರೆ? ನೀಟ್‌ಗೆ ಬಯಾಲಜಿ ಬೇಕು. ಪಿಯುಸಿ ಮುಗಿಸಿದ ಮೇಲೂ ಬಯಾಲಜಿಯನ್ನ ಹೆಚ್ಚುವರಿ ವಿಷಯವಾಗಿ ಪಾಸು ಮಾಡಿ ನೀಟ್ ಬರೆಯಬಹುದು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರಲ್ಲಿ ಹೇಳಿದೆ. ಬಾಗಿಲು ಪೂರ್ತಿ ಮುಚ್ಚಿಲ್ಲ, ನಿಜ. ಆದರೆ ಮತ್ತೊಂದು ಪರೀಕ್ಷೆ, ಮತ್ತಷ್ಟು ಕಾಯುವಿಕೆ ತಪ್ಪಲ್ಲ.

ಹಾಗಂತ ಎಲ್ಲರನ್ನೂ ಪಿಸಿಎಂಬಿಗೆ ನೂಕಬೇಡಿ! ಎರಡು ಭಾಷೆ, ನಾಲ್ಕು ಭಾರದ ವಿಷಯ. ಸಿಇಟಿಯ ಇಂಜಿನಿಯರಿಂಗ್ ರ‍್ಯಾಂಕ್‌ನಲ್ಲಿ ಅರ್ಧ ತೂಕ ಸೆಕೆಂಡ್ ಪಿಯು ಅಂಕಗಳದ್ದು. ಇಷ್ಟವಿಲ್ಲದ ವಿಷಯದಲ್ಲಿ ಕಡಿಮೆ ಅಂಕ ಬಂದ್ರೆ, ತೆರೆದಿಟ್ಟ ಬಾಗಿಲಿಂದ ಒಳಗೆ ಹೋಗೋದಕ್ಕೇ ಆಗಲ್ಲ. ಮತ್ತೆ, ಐದು ವರ್ಷದ ಕಾನೂನು ಪದವಿಗೆ, ಸಿಎಗೆ ಯಾವ ವಿಭಾಗದವರಾದ್ರೂ ಬರಬಹುದು. ಐಎಎಸ್ ಪರೀಕ್ಷೆಗೆ ಯಾವ ಪದವಿಯಾದ್ರೂ ಸಾಕು. ವಕೀಲೆ ಆಗ್ತೀನಿ ಅನ್ನೋ ಹುಡುಗಿಗೆ ಲಕ್ಷಾಂತರ ಫೀಸು ಕಟ್ಟಿ ಸೈನ್ಸ್ ಓದಿಸೋದು ಯಾರ ಸಮಾಧಾನಕ್ಕೆ? ಪಕ್ಕದ ಮನೆಯವರ ಸಮಾಧಾನಕ್ಕಾ?

ಸರ್ಕಾರಕ್ಕೂ ಒಂದು ಮಾತು. ಬೆಂಗಳೂರಿನ ಮಕ್ಕಳು ಕಾಂಬಿನೇಷನ್ ಆರಿಸ್ತಾರೆ. ಹಳ್ಳಿ ಮಕ್ಕಳು ಹತ್ತಿರದ ಕಾಲೇಜಿನಲ್ಲಿ ಏನಿದೆಯೋ ಅದನ್ನ ಓದ್ತಾರೆ. ಆ ಕಾಲೇಜಿನಲ್ಲಿ ಗಣಿತದ ಉಪನ್ಯಾಸಕರಿಲ್ಲ ಅಂದ್ರೆ, ಆ ಮಗುವಿನ ಬಾಗಿಲನ್ನ ಮುಚ್ಚಿದ್ದು ಮಗುವೂ ಅಲ್ಲ, ಅಪ್ಪ ಅಮ್ಮನೂ ಅಲ್ಲ. ಖಾಲಿ ಹುದ್ದೆ ತುಂಬದವರು.

ಅಡ್ಮಿಷನ್‌ಗೆ ಮುಂಚೆ ಒಂದು ಸಂಜೆ ಟಿವಿ ಆಫ್ ಮಾಡಿ. ನಮ್ಮ ಚಾನೆಲ್ ಆದ್ರೂ ಪರವಾಗಿಲ್ಲ. ಮಗುವನ್ನ ಪಕ್ಕದಲ್ಲಿ ಕೂರಿಸಿಕೊಂಡು, ಅವರಿಗೆ ಇಷ್ಟವಾಗಬಹುದಾದ ಮೂರು ಕೋರ್ಸ್ ಬರೆಯಿರಿ. ಒಂದೊಂದಕ್ಕೂ ಪಿಯುಸಿಯಲ್ಲಿ ಯಾವ ವಿಷಯ ಕಡ್ಡಾಯ ಅಂತ ಆಯಾ ವಿಶ್ವವಿದ್ಯಾಲಯದ ಪ್ರವೇಶ ನಿಯಮದಲ್ಲೇ ನೋಡಿ. ಮೂರಕ್ಕೂ ಹೊಂದೋ ಕಾಂಬಿನೇಷನ್ ಯಾವುದು, ಅದನ್ನ ಓದೋಕೆ ಮಗುವಿಗೆ ಮನಸ್ಸಿದೆಯಾ ಅಂತ ಕೇಳಿ. ಆಮೇಲೆ ಅರ್ಜಿ ತುಂಬಿ.