ಆಳಾಗಬಲ್ಲವನು ಆಳಬಲ್ಲ

ಅಣೆಕಟ್ಟು, ಯಂತ್ರ, ರಾಕೆಟ್ಟುಗಳ ಲೋಕದಲ್ಲಿ ಹಿರಿಯ ಸ್ಥಾನಗಳನ್ನು ಮುಟ್ಟಿದವರು ಯಾವ ದಾರಿಯಲ್ಲಿ ನಡೆದು ಅಲ್ಲಿಗೆ ತಲುಪಿದರು ಎಂಬುದನ್ನು ಕುರಿತು ಕನ್ನಡದ ಮೇಷ್ಟರೊಬ್ಬ ಮಾತನಾಡಹೊರಟರೆ, ಇವನಿಗೇಕೆ ಈ ಉಸಾಬರಿ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಆದರೆ ಮೂವತ್ತು ವರ್ಷಗಳಿಗೂ ಮಿಗಿಲಾಗಿ ನಾನು ಪಾಠ ಹೇಳಿದ ಹುಡುಗರಲ್ಲಿ ಹೆಚ್ಚಿನವರು ವಿಜ್ಞಾನದ ವಿದ್ಯಾರ್ಥಿಗಳು. ಪಂಪನನ್ನೂ ಕುಮಾರವ್ಯಾಸನನ್ನೂ ಕೇಳುತ್ತ ಕುಳಿತಿದ್ದ ಅವರ ಕಣ್ಣು ಕಿಟಕಿಯಾಚೆಯ ಎಂಜಿನಿಯರಿಂಗ್ ಕಾಲೇಜಿನ ಕಡೆಗೇ ಇರುತ್ತಿತ್ತು. ಹಾಗೆ ಹೋದವರು ಮುಂದೆ ಏನಾದರು ಎಂಬ ಕುತೂಹಲ ನನ್ನನ್ನು ಬಿಟ್ಟಿಲ್ಲ. ಈ ಮಾತಿಗೆ ಅದೇ ಕಾರಣ.

ನಮ್ಮ ನುಡಿಯಲ್ಲಿ 'ಆಳು' ಎಂಬುದೊಂದು ಸೊಗಸಾದ ಶಬ್ದ. ನಾಮಪದವಾದಾಗ ಅದು ದುಡಿಯುವವನನ್ನು ಹೇಳುತ್ತದೆ. ಕ್ರಿಯಾಪದವಾದಾಗ ದೊರೆತನ ಮಾಡುವುದನ್ನು ಹೇಳುತ್ತದೆ. ಆಳಾಗಬಲ್ಲವನು ಆಳಬಲ್ಲ ಎಂಬ ಗಾದೆ ಈ ಎರಡನ್ನೂ ಒಂದು ದಾರದಲ್ಲಿ ಕಟ್ಟಿದೆ. ಎಂಜಿನಿಯರುಗಳ ಏಳಿಗೆಯ ಕಥೆಯನ್ನು ಈ ಗಾದೆಯ ಬೆಳಕಿನಲ್ಲಿ ನೋಡಬೇಕೆಂಬುದು ನನ್ನ ಆಸೆ.

ಈ ವೃತ್ತಿಯಲ್ಲಿ ಒಂದು ವಿಚಿತ್ರವುಂಟು. ಕುಂಬಾರನು ಎಷ್ಟು ಹೆಸರುವಾಸಿಯಾದರೂ ತಿಗುರಿಯ ಮುಂದೆಯೇ ಕೂಡುತ್ತಾನೆ. ಸಂಗೀತಗಾರನು ಎಂಥ ಬಿರುದು ಪಡೆದರೂ ಶ್ರುತಿಗೆ ಕಿವಿಗೊಟ್ಟೇ ಹಾಡಬೇಕು. ಎಂಜಿನಿಯರನ ಗತಿ ಹಾಗಲ್ಲ. ಅವನು ತನ್ನ ಕೆಲಸವನ್ನು ಚೆನ್ನಾಗಿ ಮಾಡಿದನೆಂಬ ಕಾರಣಕ್ಕೇ ಅವನನ್ನು ಆ ಕೆಲಸದಿಂದ ಎಬ್ಬಿಸಿ ಮೇಲಿನ ಕುರ್ಚಿಯಲ್ಲಿ ಕೂಡಿಸುತ್ತಾರೆ. ಅಲ್ಲಿ ಅವನ ಕೈಗೆ ಸಿಗುವುದು ಯಂತ್ರವಲ್ಲ, ಕಡತ, ಲೋಹವಲ್ಲ, ಮನುಷ್ಯರು. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ದೊಡ್ಡ ಸಂಬಳ, ದೊಡ್ಡ ಹುದ್ದೆ. ಕಾಫಿ ಕುಡಿಯುತ್ತ, "ಸಾರ್, ನಾನು ನನ್ನ ಕೈಯಾರೆ ಒಂದು ಕೆಲಸ ಮಾಡಿ ಎಂಟು ವರ್ಷವಾಯಿತು" ಎಂದ. ಅವನ ದನಿಯಲ್ಲಿ ಹೆಮ್ಮೆಯಿರಲಿಲ್ಲ. ಅವನಿಗೆ ಆಗ ಏನು ಹೇಳಬಹುದಾಗಿತ್ತೆಂದು ಯೋಚಿಸುತ್ತ ನಾನು ಕೆಲವು ಹಿರಿಯರ ಜೀವನಗಳನ್ನು ಮತ್ತೆ ಓದಿದೆ.

ಮೊದಲು ನೆನಪಾಗುವವರು ಸಹಜವಾಗಿಯೇ ಸರ್ ಎಂ. ವಿಶ್ವೇಶ್ವರಯ್ಯನವರು. ನಾವು ಅವರನ್ನು ದಿವಾನರೆಂದು, ಭಾರತರತ್ನರೆಂದು ನೆನೆಯುತ್ತೇವೆ. ಪೇಟ ಧರಿಸಿದ ಮುಪ್ಪಿನ ಮುಖವೇ ನಮ್ಮ ಕಣ್ಣಿಗೆ ಕಟ್ಟಿದೆ. ಆದರೆ ಅವರು 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದ್ದು ಸಹಾಯಕ ಎಂಜಿನಿಯರಾಗಿ, ನಾಸಿಕದಲ್ಲಿ. ಅಲ್ಲಿಂದ ಖಾನದೇಶ, ಮುಂದೆ ಸಿಂಧ್ ಪ್ರಾಂತದ ಸುಕ್ಕೂರು. ಸಿಂಧೂ ನದಿಯ ಕೆಸರುನೀರನ್ನು ಊರಿಗೆ ಕುಡಿಯಲು ಕೊಡಬೇಕಾದ ಕಷ್ಟದ ಕೆಲಸ ಅಲ್ಲಿ ಕಾದಿತ್ತು. ಸೋಸುವ ಕಟ್ಟಡಗಳಿಗೆ ಹಣ ಸಾಲದು. ನದಿಯ ಮರಳೇ ನೀರನ್ನು ಸೋಸುವಂತೆ ಬಾವಿ ತೋಡಿಸಿ ಅವರು ಆ ತೊಡಕನ್ನು ಬಿಡಿಸಿದರು. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ತಮ್ಮದೇ ಕಲ್ಪನೆಯ ಸ್ವಯಂಚಾಲಿತ ಬಾಗಿಲುಗಳನ್ನು ಅವರು ಅಳವಡಿಸಿದ್ದು 1903ರಲ್ಲಿ. ನೀರು ಒಂದು ಮಟ್ಟಕ್ಕೆ ಏರಿದೊಡನೆ ಬಾಗಿಲು ತಾನಾಗಿ ತೆರೆಯುತ್ತದೆ, ಇಳಿದೊಡನೆ ಮುಚ್ಚುತ್ತದೆ. ಇಷ್ಟು ಹೊತ್ತಿಗೆ ಸೇವೆಗೆ ಸೇರಿ ಸುಮಾರು 20 ವರ್ಷ ಸಂದಿತ್ತು. ಅಷ್ಟು ಕಾಲವೂ ಅವರು ನೀರು, ಮಣ್ಣು, ಕಲ್ಲುಗಳ ಆಳು.

ಗಾದೆಯ ಮೊದಲ ಪಾದ ಇದು. ಮುಂದಿನದು ಅಷ್ಟು ಸುಲಭವಾಗಿ ಬರಲಿಲ್ಲ. ಮುಂಬಯಿ ಸರ್ಕಾರದಲ್ಲಿ ಮುಖ್ಯ ಎಂಜಿನಿಯರ ಸ್ಥಾನ ಆಗ ಯೂರೋಪಿನವರದು. ಭಾರತೀಯನೊಬ್ಬ ಎಷ್ಟು ಜಾಣನಾದರೂ ಆ ಬಾಗಿಲು ತಾನಾಗಿ ತೆರೆಯುವಂಥದಲ್ಲ. ಇದನ್ನು ಅರಿತ ಅವರು 24 ವರ್ಷಗಳ ಸೇವೆಯ ಬಳಿಕ, 1908ರಲ್ಲಿ, ಯಾರೂ ಬೇಡವೆನ್ನದೆ ಇದ್ದಾಗಲೇ ಹೊರಬಂದರು. ಆ ವರ್ಷವೇ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ನಗರ ಅಳಿದುಳಿದಂತಾಯಿತು. ನಿಜಾಮ ಸರ್ಕಾರ ಅವರನ್ನು ಕರೆಸಿಕೊಂಡಿತು. ಪ್ರವಾಹವನ್ನು ತಡೆದು ನಿಲ್ಲಿಸುವ ಜಲಾಶಯಗಳ ಯೋಜನೆ ಸಿದ್ಧವಾಯಿತು. 1909ರ ಕೊನೆಯಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ ಪದವಿ, 1912ರಲ್ಲಿ ದಿವಾನಗಿರಿ. ಬಾಗಿಲು ಮುಚ್ಚಿದ್ದ ಮನೆಯ ಜಗುಲಿಯಲ್ಲಿ ಕಾಯುತ್ತ ಕೂಡದೆ ಎದ್ದು ನಡೆದದ್ದರಿಂದ ಬಂದ ಏಳಿಗೆ ಇದು.

ಕನ್ನಂಬಾಡಿಯ ಕಟ್ಟೆಯ ಕೆಲಸ ಮೊದಲಾದದ್ದು 1911ರಲ್ಲಿ. ಮದರಾಸು ಸರ್ಕಾರದ ತಕರಾರಿನಿಂದ ಕಡಿಮೆ ಎತ್ತರದ ಕಟ್ಟೆಗಷ್ಟೇ ಒಪ್ಪಿಗೆ ದೊರೆತಿತ್ತು. ಆದರೂ ತಳಪಾಯವನ್ನು ಮಾತ್ರ ಪೂರ್ಣ ಎತ್ತರಕ್ಕೆ ತಕ್ಕಂತೆಯೇ ಹಾಕಲಾಯಿತು. ಕಾವೇರಿಯ ಒಪ್ಪಂದ ಆದದ್ದು 1924ರಲ್ಲಿ. ಕಟ್ಟೆ ಮುಗಿದದ್ದು 1930ರ ದಶಕದ ಮೊದಲಲ್ಲಿ. ಅಷ್ಟು ಹೊತ್ತಿಗೆ ಅವರು ದಿವಾನಗಿರಿಯನ್ನು ಬಿಟ್ಟು ಹನ್ನೆರಡು ವರ್ಷಗಳ ಮೇಲಾಗಿತ್ತು. ತಾನು ಇಲ್ಲದ ಕಾಲಕ್ಕೆ, ಇತರರು ಮುಗಿಸಲೆಂದು ತಳಪಾಯ ಹಾಕುವುದು ಮೇಲಿನ ಕುರ್ಚಿಯಲ್ಲಿ ಕುಳಿತವನು ಮಾಡಬೇಕಾದ ಕೆಲಸ. ಅಲ್ಲಿ ಕೈಗಿಂತ ದೂರದೃಷ್ಟಿ ದುಡಿಯಬೇಕು. ಆದರೆ ಆ ದೃಷ್ಟಿ ಬಂದದ್ದೆಲ್ಲಿಂದ? ನಾಸಿಕ, ಸುಕ್ಕೂರುಗಳ ಕೆಸರಿನಿಂದಲೇ ಎಂದು ನಾನು ನಂಬಿದ್ದೇನೆ.

1918ರಲ್ಲಿ ದಿವಾನಗಿರಿಯನ್ನು ಬಿಟ್ಟ ಮೇಲೆ ಅವರೇನು ಮಾಡಿದರು? ನಷ್ಟದಲ್ಲಿ ನರಳುತ್ತಿದ್ದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತ ಮಂಡಳಿಯ ಹೊಣೆಯನ್ನು 1923ರಿಂದ ಕೆಲವು ವರ್ಷ ಹೊತ್ತರು. ರಾಜ್ಯವನ್ನೇ ನಡೆಸಿದವರು ಒಂದು ಕುಲುಮೆಯ ಲೆಕ್ಕ ನೋಡಲು ಕುಳಿತರು. 1952ರಲ್ಲಿ, ತೊಂಬತ್ತನ್ನು ದಾಟಿದ ವಯಸ್ಸಿನಲ್ಲಿ, ಬಿಹಾರದಲ್ಲಿ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕೆಂದು ನೋಡಿ ಹೇಳುವ ಕೆಲಸಕ್ಕೆ ಹೊರಟರು. ಮೊಕಾಮದ ಸೇತುವೆಗೆ ಸ್ಥಳ ಗೊತ್ತಾದದ್ದು ಹಾಗೆ. ಮತ್ತೆ ನದಿಯ ದಡ, ಮತ್ತೆ ಮಣ್ಣು. ಆಳಿದವರು ಮರಳಿ ಆಳಾಗಲು ಹಿಂಜರಿಯಲಿಲ್ಲ.

ಇದು ಸರ್ಕಾರಿ ಸೇವೆಯ ಮೆಟ್ಟಿಲುಗಳನ್ನು ಹತ್ತಿದವರ ಕಥೆಯಾಯಿತು. ಪಾಠದ ಕೊಠಡಿ, ಪ್ರಯೋಗಶಾಲೆಗಳಿಂದ ಮೇಲಕ್ಕೆ ಬಂದವರ ದಾರಿ ಬೇರೆ. ಪ್ರೊಫೆಸರ್ ಸತೀಶ್ ಧವನ್ ಅಂಥವರು. ಅವರು ಶ್ರೀನಗರದಲ್ಲಿ ಹುಟ್ಟಿದ್ದು 1920ರಲ್ಲಿ. ಲಾಹೋರಿನಲ್ಲಿ ಗಣಿತ, ಭೌತಶಾಸ್ತ್ರಗಳಲ್ಲಿ ಬಿ.ಎ.; ಮೇಲೆ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ.; ಆಮೇಲೆ ಮೆಕ್ಯಾನಿಕಲ್ ಎಂಜಿನಿಯರಿಂಗ್. ಸಾಹಿತ್ಯದ ಎಂ.ಎ. ಪದವಿಯಿಂದ ಎಂಜಿನಿಯರನಿಗೆ ಏನು ಪ್ರಯೋಜನ ಎನ್ನುವವರಿಗೆ ನಾನು ಇದೊಂದು ಹೆಸರನ್ನು ಹೇಳಿ ಸುಮ್ಮನಾಗುತ್ತೇನೆ. ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಡಾಕ್ಟರೇಟು ಪಡೆದು ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದ್ದು 1951ರಲ್ಲಿ. ಶಬ್ದಕ್ಕಿಂತ ವೇಗವಾಗಿ ಬೀಸುವ ಗಾಳಿಯ ಸುರಂಗವನ್ನು ಅಲ್ಲಿ ಕಟ್ಟಿದರು. 1955ರಲ್ಲಿ ವಿಭಾಗದ ಮುಖ್ಯಸ್ಥರು, 1962ರಲ್ಲಿ ಸಂಸ್ಥೆಯ ನಿರ್ದೇಶಕರು.

1971ರ ಡಿಸೆಂಬರ್ 30ರಂದು ವಿಕ್ರಮ್ ಸಾರಾಭಾಯ್ ತೀರಿಕೊಂಡರು. ಬಾಹ್ಯಾಕಾಶ ಕಾರ್ಯದ ನೇತೃತ್ವಕ್ಕೆ ಕರೆ ಬಂದಾಗ ಧವನರು ಅಧ್ಯಯನ ವಿರಾಮದ ಮೇಲೆ ಕ್ಯಾಲ್‌ಟೆಕ್‌ನಲ್ಲಿದ್ದರು. ಅವರು ಒಪ್ಪಿದರು, ಆದರೆ ಎರಡು ಕರಾರು ಹಾಕಿದರು. ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು. ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ತಾವು ಮುಂದುವರಿಯಬೇಕು. ಎರಡನೆಯ ಕರಾರು ನನಗೆ ಬಹಳ ಮೆಚ್ಚಿಗೆ. ದೊಡ್ಡ ಕುರ್ಚಿ ಬಂತೆಂದು ಅವರು ವಿದ್ಯೆಯ ಮನೆಯನ್ನು ತೊರೆಯಲಿಲ್ಲ.

ಅಲ್ಲಿ ಅವರು ಕೆಲಸವನ್ನು ತಾವೇ ಹಿಡಿದುಕೊಂಡು ಕೂಡಲಿಲ್ಲ, ತಕ್ಕವರಿಗೆ ಹಂಚಿದರು. ಉಪಗ್ರಹದ ಹೊಣೆ ನಮ್ಮ ಉಡುಪಿಯ ಕಡೆಯ ಯು.ಆರ್. ರಾವ್ ಅವರದು, ಅವರ ತಂಡ ಪೀಣ್ಯದ ತಗಡಿನ ಶೆಡ್ಡುಗಳಲ್ಲಿ ಕಟ್ಟಿದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ನಮ್ಮದೇ ಉಡಾವಣಾ ವಾಹನವಾದ ಎಸ್.ಎಲ್.ವಿ.-3ರ ಹೊಣೆ ಅಬ್ದುಲ್ ಕಲಾಂ ಅವರದು. 1979ರ ಆಗಸ್ಟ್ 10ರಂದು ಶ್ರೀಹರಿಕೋಟೆಯಿಂದ ಹಾರಿದ ಆ ರಾಕೆಟ್ಟು ಕೆಲವೇ ನಿಮಿಷಗಳಲ್ಲಿ ಬಂಗಾಳ ಕೊಲ್ಲಿಗೆ ಬಿದ್ದಿತು. ಅಂದು ಪತ್ರಿಕೆಯವರ ಎದುರಿಗೆ ಕುಳಿತು ಸೋಲನ್ನು ತಮ್ಮ ತಲೆಯ ಮೇಲೆ ಹೊತ್ತುಕೊಂಡವರು ಧವನರು. 1980ರ ಜುಲೈ 18ರಂದು ಅದೇ ಬಗೆಯ ರಾಕೆಟ್ಟು 35 ಕಿಲೋಗ್ರಾಂ ತೂಕದ ರೋಹಿಣಿಯನ್ನು ಕಕ್ಷೆಗೆ ಸೇರಿಸಿತು. ಆಗ ಪತ್ರಿಕೆಯವರ ಮುಂದೆ ಹೋಗಿ ಮಾತನಾಡಲು ಅವರು ಕಲಾಂ ಅವರಿಗೆ ಹೇಳಿದರು. ಕಲಾಂ ಅವರೇ ಇದನ್ನು ಊರೂರಿನಲ್ಲಿ ಹೇಳುತ್ತ ಬಂದರು. ಆಳುವುದೆಂದರೆ ಏನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಯಾವ ನೀತಿಗ್ರಂಥದಲ್ಲಿಯೂ ಕಾಣೆ. 1984ರಲ್ಲಿ ಆ ಪದವಿಯಿಂದ ಇಳಿದ ಧವನರು ಪಕ್ಷಿಗಳು ಹಾರುವ ಬಗೆಯನ್ನು ಅಭ್ಯಾಸ ಮಾಡಿ, 1991ರಲ್ಲಿ ಒಂದು ಪುಸ್ತಕವನ್ನು ಹೊರತಂದರು. ಗಾಳಿಯ ವಿದ್ಯಾರ್ಥಿ ಮರಳಿ ಗಾಳಿಗೇ ಬಂದಂತಾಯಿತು.

ನಮ್ಮ ಗಾದೆ 'ಬಲ್ಲವನು' ಎಂದಿತೇ ಹೊರತು 'ಬಲ್ಲವಳು' ಎನ್ನಲಿಲ್ಲ. ವೃತ್ತಿಯ ಲೋಕವೂ ಬಹುಕಾಲ ಹಾಗೆಯೇ ನಡೆದುಕೊಂಡಿತು. 1922ರಲ್ಲಿ ಕರ್ನಾಟಕದಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಓದಿ, 1940ರ ದಶಕದಲ್ಲಿ ವಿಜ್ಞಾನ ಸಂಸ್ಥೆಗೆ ಸೇರಿ, ಮುಂದೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟು ಪಡೆದರು. 1953ರಲ್ಲಿ ಮರಳಿ ಬಂದು ಅದೇ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಸೂಕ್ಷ್ಮ ತರಂಗಗಳ ಎಂಜಿನಿಯರಿಂಗನ್ನು ಕಲಿಸಿದರು, ಸಂಶೋಧಿಸಿದರು, ವಿದ್ಯುತ್ ಸಂಪರ್ಕ ವಿಭಾಗದ ಮುಖ್ಯಸ್ಥೆಯೂ ಆದರು. ಆ ಸಂಸ್ಥೆಯ ಎಂಜಿನಿಯರಿಂಗ್ ಅಧ್ಯಾಪಕರಲ್ಲಿ ಅವರೇ ಮೊದಲ ಮಹಿಳೆ. ಮುಂದೆ ನಡೆದು ತೋರಿಸುವವರು ಯಾರೂ ಇಲ್ಲದ ಹಾದಿಯಲ್ಲಿ ಹೆಜ್ಜೆ ಇಡುವುದು ಎಷ್ಟು ಕಷ್ಟವೆಂದು, ಹೆಣ್ಣುಮಕ್ಕಳಿಗೆ ಪಾಠ ಹೇಳಿದ ನಾನು ಸ್ವಲ್ಪ ಬಲ್ಲೆ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಎಲ್ಲರೂ ಆಳಲೇಬೇಕೆ? ಕೈಯ ಕೆಲಸದಲ್ಲಿಯೇ ಸುಖ ಕಾಣುವವನಿಗೆ ಏಳಿಗೆಯೇ ಇಲ್ಲವೆ? ಅಮೆರಿಕದ ಐ.ಬಿ.ಎಂ. ಸಂಸ್ಥೆ 1960ರ ದಶಕದ ಮೊದಲಲ್ಲಿಯೇ ಇದನ್ನು ಯೋಚಿಸಿ, ಹಿರಿಯ ತಂತ್ರಜ್ಞರಿಗೆ 'ಫೆಲೋ' ಎಂಬ ಗೌರವದ ಸ್ಥಾನವನ್ನು ಏರ್ಪಡಿಸಿತು. ಜನರನ್ನು ಆಳದೆಯೇ, ವಿದ್ಯೆಯ ಬಲದಿಂದಲೇ ಮೇಲೇರಬಹುದಾದ ಎರಡನೆಯ ಏಣಿ ಅದು. ಇಂದು ಅನೇಕ ದೊಡ್ಡ ತಾಂತ್ರಿಕ ಸಂಸ್ಥೆಗಳಲ್ಲಿ ಇಂಥ ಎರಡು ಏಣಿಗಳಿವೆ. ಆದರೆ ನಮ್ಮ ಮನೆಗಳಲ್ಲಿ ಇನ್ನೂ ಇರುವುದು ಒಂದೇ ಏಣಿ. ಮದುವೆಯ ಮಾತುಕತೆಗೆ ಕುಳಿತವರು, ಹುಡುಗನ ಕೈಕೆಳಗೆ ಎಷ್ಟು ಜನ ಇದ್ದಾರೆ ಎಂದು ಕೇಳುತ್ತಾರೆ. ಹುಡುಗನ ಕೈಗೆ ಯಾವ ಕೆಲಸ ಒಲಿದಿದೆ ಎಂದು ಕೇಳುವವರನ್ನು ನಾನಿನ್ನೂ ನೋಡಿಲ್ಲ.

ನನ್ನ ಹಳೆಯ ವಿದ್ಯಾರ್ಥಿಗೆ ಇಂದು ನಾನು ಹೇಳುವುದಿಷ್ಟೇ. ಮೇಲೇರಿದ್ದಕ್ಕೆ ನಾಚಬೇಕಾಗಿಲ್ಲ. ಆದರೆ ಕೆಳಗಿನವನ ಕೈ ಏನು ಮಾಡುತ್ತಿದೆ ಎಂಬುದು ನಿನಗೆ ಅರ್ಥವಾಗುತ್ತಿರಬೇಕು. ಅವನ ಸೋಲಿಗೆ ನೀನು ತಲೆ ಕೊಡಬೇಕು. ಇಳಿಯುವ ದಿನ ಬಂದಾಗ ಮರಳಿ ಕೂಡಲು ನಿನ್ನದೇ ಆದ ಒಂದು ತಿಗುರಿಯನ್ನು ಉಳಿಸಿಕೊಂಡಿರಬೇಕು. ಮೂರನೆಯದೇ ಎಲ್ಲಕ್ಕಿಂತ ಕಷ್ಟ. ಅದಕ್ಕೆ ಈಗಲೇ, ಕುರ್ಚಿಯಲ್ಲಿ ಕುಳಿತಿರುವಾಗಲೇ, ವಾರಕ್ಕೆ ಒಂದು ಹೊತ್ತನ್ನಾದರೂ ತೆಗೆದಿಡು.

ಮಕ್ಕಳನ್ನು ಎಂಜಿನಿಯರಿಂಗಿಗೆ ಕಳುಹಿಸುವ ತಂದೆತಾಯಿಯರಲ್ಲಿಯೂ ನನ್ನದೊಂದು ವಿನಂತಿ. ಮಗ, ಮಗಳು ರಜೆಗೆ ಬಂದಾಗ ಬಡ್ತಿಯ ವಿಚಾರ ಆಮೇಲಿರಲಿ. ಈ ವರ್ಷ ಏನು ಕಟ್ಟಿದೆ, ಯಾರಿಗೆ ಏನು ಕಲಿಸಿದೆ ಎಂದು ಮೊದಲು ಕೇಳಿರಿ.