ಹಳೆಯ ಕಂಪ್ಯೂಟರು, ಹೊಸ ವ್ಯವಸ್ಥೆ: ನಾವೇನು ಮಾಡೋಣ?

(ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಇಂದು ಸಭೆಯ ಮುಂದಿರುವುದು ಸಂಬಳದ ಪ್ರಶ್ನೆಯಲ್ಲ, ಬೋನಸಿನದೂ ಅಲ್ಲ. ನಮ್ಮ ಕಚೇರಿಯ ಕಂಪ್ಯೂಟರಿನದು. ಇದೇನು ದೊಡ್ಡ ಮಾತೆಂದು ನಗಬೇಡಿರಿ. ನಮ್ಮ ವಂತಿಗೆಯ ಲೆಕ್ಕ, ಯಾರು ಯಾವ ಹೋಟೆಲಿನಲ್ಲಿ ಎಂದಿನಿಂದ ದುಡಿಯುತ್ತಿದ್ದಾರೆಂಬ ಪಟ್ಟಿ, ಎಲ್ಲವೂ ಅದರೊಳಗಿದೆ. ಹೋದ ವರ್ಷ ನಮ್ಮ ಅಡಿಗೆಯವರೊಬ್ಬರಿಗೆ ಮಾಲೀಕರು, "ನೀನು ಇಲ್ಲಿ ದುಡಿದದ್ದು ಎರಡೇ ವರ್ಷ" ಎಂದರು. ಆಗ ಅವರ ಪರವಾಗಿ ಸಾಕ್ಷಿ ನುಡಿದದ್ದು ಒಂಬತ್ತು ವರ್ಷದ ವಂತಿಗೆಯ ಲೆಕ್ಕ. ಆ ಲೆಕ್ಕ ಕೆಟ್ಟರೆ ನಮ್ಮ ಬಾಯಿ ಕಟ್ಟಿದಂತೆಯೇ.

ಸಂಗತಿ ಹೀಗಿದೆ. ನಮ್ಮಲ್ಲಿರುವುದು ೩೨ ಬಿಟ್‌ನ ವಿಂಡೋಸ್ ೧೦. ಮೈಕ್ರೋಸಾಫ್ಟ್ ಕಂಪನಿ ೨೦೨೫ರ ಅಕ್ಟೋಬರ್ ೧೪ಕ್ಕೆ ಅದರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಬೀಗ ಹಳೆಯದಾಯಿತು, ಕಳ್ಳನ ಕೈಗೆ ಹೊಸ ಕೀಲಿ ಸಿಗುತ್ತಲೇ ಇರುತ್ತದೆ. ೨೦೨೧ರಲ್ಲಿ ಹೊರಟ ವಿಂಡೋಸ್ ೧೧ ಸಿಗುವುದು ೬೪ ಬಿಟ್‌ನಲ್ಲಿ ಮಾತ್ರ.

ಬಿಟ್ ಎಂದರೇನು? ನಾವು ಏಳನೆಯ ಇಯತ್ತೆ ದಾಟಿದವರಲ್ಲ. ನಮ್ಮ ರೀತಿಯಲ್ಲೇ ಹೇಳುತ್ತೇವೆ. ಹೋಟೆಲಿನ ಮೇಜುಗಳಿಗೆ ಎರಡು ಅಂಕಿಯ ಬಿಲ್ಲೆ ಹಾಕಿದರೆ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ನೂರು ಮೇಜು. ನೂರೊಂದನೆಯದನ್ನು ತಂದಿಟ್ಟರೂ ಮಾಣಿಗೆ ಕೂಗಲು ನಂಬರಿಲ್ಲ. ೩೨ ಬಿಟ್‌ನ ಬಿಲ್ಲೆಯೂ ಹಾಗೆ. ಸುಮಾರು ೪೨೯ ಕೋಟಿ ಮನೆಗಳನ್ನು, ಅಂದರೆ ೪ ಜಿಬಿ ಮೆಮೊರಿಯನ್ನು, ಎಣಿಸಿ ನಿಲ್ಲುತ್ತದೆ. ೬೪ ಬಿಟ್‌ಗೆ ಆ ಇಕ್ಕಟ್ಟಿಲ್ಲ.

ಹಾಗಾದರೆ ಇಂದೇ ಬದಲಿಸೋಣವೆ? ತುಸು ತಡೆಯಿರಿ. ತೊಡಕು ಮೂರು. ೩೨ ಬಿಟ್‌ನ ವಿಂಡೋಸನ್ನು ಇದ್ದಂತೆಯೇ ೬೪ಕ್ಕೆ ಏರಿಸಲಾಗದು. ಎಲ್ಲವನ್ನೂ ಹೊಸದಾಗಿ ಹಾಕಬೇಕು. ಪ್ರಿಂಟರಿನ ಡ್ರೈವರು ಕೂಡ ೬೪ ಬಿಟ್‌ನದೇ ಆಗಬೇಕು. ನಮ್ಮ ಲೆಕ್ಕದ ಪ್ರೋಗ್ರಾಮಂತೂ ಡಾಸ್ ಕಾಲದ್ದು, ೧೬ ಬಿಟ್‌ನದು. ೬೪ ಬಿಟ್‌ನ ವಿಂಡೋಸ್ ಅದನ್ನು ನಡೆಸುವುದೇ ಇಲ್ಲ.

ನಮ್ಮ ಯಂತ್ರದ ಪ್ರೊಸೆಸರು ೬೪ ಬಿಟ್ ನಡೆಸಬಲ್ಲದು. ಆದರೆ ವಿಂಡೋಸ್ ೧೧ ಕೇಳುವ ಟಿಪಿಎಂ ೨.೦ ಅದರಲ್ಲಿಲ್ಲ. ಹೊಸ ಯಂತ್ರಕ್ಕೆ ನಿಧಿಯಲ್ಲಿ ಹಣವಿಲ್ಲ. ದುಡ್ಡು ಕೊಡದೆ ಸಿಗುವ ಡೆಬಿಯನ್ ಲಿನಕ್ಸ್ ಇದೆ. ೨೦೨೫ರಲ್ಲಿ ಬಂದ ಅದರ ೧೩ನೆಯ ಆವೃತ್ತಿಯೂ ೩೨ ಬಿಟ್‌ನ ಪಿಸಿಗಳಿಗೆ ಹಾಕಲು ಬರುವುದಿಲ್ಲ. ೬೪ ಬಿಟ್‌ನದನ್ನೇ ಹಾಕಬೇಕು. ಅದರೊಳಗೆ ಡಾಸ್‌ಬಾಕ್ಸ್ ಎಂಬ ಉಚಿತ ಸಾಧನದಲ್ಲಿ ನಮ್ಮ ಹಳೆಯ ಲೆಕ್ಕವನ್ನು ನಡೆಸಿ ನೋಡಬಹುದು.

ರುಬ್ಬುವ ಕಲ್ಲು ಹೋಗಿ ಗ್ರೈಂಡರು ಬಂತು. ಬಂದ ದಿನವೇ ಕಲ್ಲನ್ನು ಬೀದಿಗೆಸೆದವರು ಕರೆಂಟು ಹೋದಂದು ಹಿಟ್ಟಿಲ್ಲದೆ ಕುಳಿತರು. ಗಿರಣಿಯಲ್ಲಿ ದುಡಿದ ಹಿರಿಯರೂ ಬಲ್ಲರು: ಹೊಸ ಯಂತ್ರ ಬಂದಾಗ ಮೊದಲು ಕೇಳಬೇಕಾದದ್ದು, ಮಸ್ಟರಿನಿಂದ ಯಾರ ಹೆಸರು ಹೋಗುತ್ತದೆ ಎಂದು.

ಆದ್ದರಿಂದ ನಮ್ಮ ಸಲಹೆ ಇಷ್ಟು. ಮೊದಲು ಎಲ್ಲ ಲೆಕ್ಕದ ಎರಡು ನಕಲು ತೆಗೆದು ಎರಡು ಕಡೆ ಇಡೋಣ; ಸದಸ್ಯರ ಪಟ್ಟಿಯನ್ನು ಕಾಗದದ ಮೇಲೂ ಅಚ್ಚು ಹಾಕೋಣ. ಹಳೆಯ ಡಿಸ್ಕನ್ನು ಬಿಚ್ಚಿ ಬೀರುವಿನಲ್ಲಿಟ್ಟು, ಬೇರೆ ಡಿಸ್ಕಿಗೆ ೬೪ ಬಿಟ್‌ನ ಲಿನಕ್ಸ್ ಹಾಕೋಣ. ಎರಡು ತಿಂಗಳು ಕೈಬರಹದ ಪುಸ್ತಕವನ್ನೂ ಜೊತೆಗೆ ನಡೆಸೋಣ. ಎರಡೂ ಲೆಕ್ಕ ಪೈಸೆಗೆ ಪೈಸೆ ತಾಳೆಯಾದರೆ ಮುಂದುವರಿಯೋಣ. ತಪ್ಪಿದರೆ ಹಳೆಯ ಡಿಸ್ಕನ್ನು ಮತ್ತೆ ಜೋಡಿಸಿ, ಇಂಟರ್ನೆಟ್ಟಿನ ಸಂಪರ್ಕವಿಲ್ಲದೆ ನಡೆಸೋಣ.

ಲೆಕ್ಕ ನಿಮ್ಮದು, ತೀರ್ಮಾನವೂ ನಿಮ್ಮದೇ. ಒಪ್ಪುವವರು ಕೈಯೆತ್ತಿರಿ, ಒಪ್ಪದವರು ಎದ್ದು ನಿಂತು ಕಾರಣ ಹೇಳಿರಿ, ಕೇಳಲು ಕುಳಿತಿದ್ದೇವೆ.